ಆಟಿ ತಿಂಗಳ ಲೆಕ್ಕದಲ್ಲಿ ನಡೆಯುವ ಪ್ರಾಣಿ ಆಶ್ರಯ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮೇಲಿನ ಗುಡ್ಡೆಯಲ್ಲಿ ನಮ್ಮ ಪ್ರಾಣಿ ಆಶ್ರಯವಿದೆ. ಹಳೆಯ ದನದ ಹಟ್ಟಿ, ಅದಕ್ಕೆ ತಾಗಿ ಅಡಿಕೆ ಒಣಗಿಸುತ್ತಿದ್ದ ಅಂಗಳ, ಹಿಂಬದಿಯಲ್ಲಿ ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗ, ಇಷ್ಟೇ ಅಲ್ಲಿರುವುದು. ಸಂಬಳಕ್ಕೆ ದುಡಿಯುವವರು ಯಾರೂ ಇಲ್ಲ. ನಿವೃತ್ತ ಮಾಷ್ಟ್ರುಗಳು, ಗೃಹಿಣಿಯರು, ಮಂಗಳೂರಿನ ಕಾಲೇಜಿಗೆ ಹೋಗಿ ಬರುವ ಕೆಲವು ಹುಡುಗರು ಸರದಿಯಂತೆ ಬಂದು ಕೆಲಸ ಮಾಡಿಕೊಡುತ್ತಾರೆ. ಹದಿನೆಂಟಕ್ಕಿಂತ ಹೆಚ್ಚು ನಾಯಿಗಳನ್ನು ನಾವು ಇಟ್ಟುಕೊಳ್ಳುವುದಿಲ್ಲ. ಇಷ್ಟು ವಿಶಾಲವಾದ ಜಾಗವಿದ್ದೂ ಇಷ್ಟೇ ಏಕೆ ಎಂದು ನೋಡಲು ಬಂದವರೆಲ್ಲ ಕೇಳುವುದರಿಂದ, ಆ ಸಂಖ್ಯೆ ಹೇಗೆ ಬಂತು ಎಂಬುದನ್ನೇ ಮೊದಲು ವಿವರಿಸುತ್ತೇನೆ.

ಅಮೆರಿಕದ ಪ್ರಾಣಿ ಆಶ್ರಯಗಳಲ್ಲಿ ಒಂದು ಪ್ರಾಣಿಗೆ ದಿನಕ್ಕೆ ಕನಿಷ್ಠ 15 ನಿಮಿಷ, ಅಂದರೆ ಗೂಡು ತೊಳೆಯಲು 9 ನಿಮಿಷ ಮತ್ತು ಆಹಾರ ಕೊಡಲು 6 ನಿಮಿಷ ಬೇಕೆಂಬ ಲೆಕ್ಕವೊಂದು ಬಳಕೆಯಲ್ಲಿದೆ. ಬೆಳಗ್ಗೆ ಎರಡು ಗಂಟೆ ಕೊಡಬಲ್ಲ ಒಬ್ಬ ಸ್ವಯಂಸೇವಕ ಈ ಪ್ರಕಾರ ಎಂಟು ನಾಯಿಗಳನ್ನು ನೋಡಿಕೊಳ್ಳಬಹುದು. ಆದರೆ ನಮ್ಮ ಊರಿನ ಮಳೆಗಾಲಕ್ಕೆ ಈ ಲೆಕ್ಕ ಸಾಲದು. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ ಬರುವ ತುಳು ತಿಂಗಳಲ್ಲಿ, ಹಾಸಿದ ಗೋಣಿ ಒಣಗುವುದಿಲ್ಲ, ಸಣ್ಣ ಗಾಯಕ್ಕೂ ನೊಣ ಕೂತು ಹುಳವಾಗುತ್ತದೆ, ದಿನವೂ ಪ್ರತಿ ನಾಯಿಯ ಕಿವಿ ಮತ್ತು ಬೆರಳ ಸಂದುಗಳಲ್ಲಿ ಉಣ್ಣಿ ಹುಡುಕಬೇಕಾಗುತ್ತದೆ. ಒಂದಕ್ಕೆ 20 ನಿಮಿಷ ಹಿಡಿಯುವುದರಿಂದ ಎಂಟು ಇದ್ದದ್ದು ಆರಾಗುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಆ ದಿನಗಳಲ್ಲಿ ಬರುವ ಜನರ ಸಂಖ್ಯೆ. ಮಳೆ ಒಂದಿಷ್ಟು ಹೊಳವಾದರೆ ಊರಿನ ಗಂಡಸರೆಲ್ಲ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಿಸಲು ತೋಟಕ್ಕಿಳಿಯುತ್ತಾರೆ. ಹೊಳವಾಗದಿದ್ದರೆ ಬಸ್ಸು ಬಾರದ ದಾರಿಯಲ್ಲಿ ಯಾರೂ ಗುಡ್ಡೆ ಹತ್ತುವುದಿಲ್ಲ. ಅಂಥ ಬೆಳಗ್ಗೆ ಖಂಡಿತ ಬರುವವರು ಮೂವರು. ಮೂವರಿಗೆ ಆರರಂತೆ ಹದಿನೆಂಟು. ದಶಂಬರದಲ್ಲಿ ಹತ್ತು ಮಂದಿ ಉತ್ಸಾಹಿಗಳು ಬಂದು ನಿಂತಾಗ ಈ ಮಿತಿ ಜಿಪುಣತನದಂತೆ ಕಾಣುತ್ತದೆ, ಆದರೂ ನಾವು ಅದನ್ನು ಸಡಿಲಿಸಿಲ್ಲ. ದಶಂಬರದಲ್ಲಿ ಸೇರಿಸಿಕೊಂಡ ನಾಯಿ ಆಟಿಯಲ್ಲಿಯೂ ಅಲ್ಲೇ ಇರುತ್ತದೆ.

ಆಶ್ರಯಕ್ಕೆ ಬರುವ ನಾಯಿಗಳಲ್ಲಿ ನಮ್ಮ ಸೀಮೆಗೇ ಸೇರಿದ ಕಷ್ಟವೊಂದಿದೆ. ಕಾಡುಹಂದಿಗೆಂದು ತೋಟದ ಬೇಲಿಯಲ್ಲಿ ಇಡುವ ಉರುಳಿಗೆ ಬೈಕಿನ ಕ್ಲಚ್ ತಂತಿ ಬಳಸುತ್ತಾರೆ. ಅದು ನಾಯಿಯ ಸೊಂಟಕ್ಕೋ ಕುತ್ತಿಗೆಗೋ ಬಿದ್ದರೆ ಎಳೆದಷ್ಟೂ ಬಿಗಿಯುತ್ತದೆ. ಸಿಕ್ಕಿದವರು ತಂತಿಯನ್ನು ಅಲ್ಲೇ ಬಿಚ್ಚದೆ, ಗೂಟದ ಕಡೆಯಿಂದ ಕತ್ತರಿಸಿ ನಾಯಿಯನ್ನು ಹಾಗೆಯೇ ಪಶುವೈದ್ಯರ ಬಳಿಗೆ ತರಬೇಕೆಂದು ನಾವು ಹೇಳುತ್ತೇವೆ, ಏಕೆಂದರೆ ಮಾಂಸದೊಳಗೆ ಹೂತ ತಂತಿಯನ್ನು ಎಳೆದರೆ ಗಾಯ ಹರಿಯುತ್ತದೆ, ನೋವಿಗೆ ನಾಯಿ ಕಚ್ಚುವುದೂ ನಿಶ್ಚಯ. ಮರಿಯಿದ್ದಾಗ ಹಾಕಿದ ಸರಪಳಿ ಬೆಳೆದ ಕುತ್ತಿಗೆಯೊಳಗೆ ಇಳಿದಿರುವ ನಾಯಿಗಳೂ ಬರುತ್ತವೆ. ಉಳಿದವು ಹೆಚ್ಚಿನವು ಪೇಟೆಯಲ್ಲಿ, ಶಾಲೆಯ ಗೇಟಿನಲ್ಲಿ ಬಿಟ್ಟುಹೋದ ಹೆಣ್ಣುಮರಿಗಳು.

ಹೊಸದಾಗಿ ಬಂದ ಯಾವ ನಾಯಿಯೂ ಎರಡು ವಾರ ಹಟ್ಟಿಯೊಳಗೆ ಕಾಲಿಡುವಂತಿಲ್ಲ. ಅದಕ್ಕಾಗಿ ಅಂಗಳದ ಆಚೆ, ನೀರು ಹರಿದುಹೋಗುವ ಇಳಿಜಾರಿನ ಕೆಳಗೆ, ಬೇರೆಯೇ ಕೊಟ್ಟಿಗೆ ಕಟ್ಟಿದ್ದೇವೆ. ಮೇಲೆ ಕಟ್ಟಿದ್ದರೆ ಮಳೆನೀರು ರೋಗವನ್ನು ಹೊತ್ತುಕೊಂಡು ಎಲ್ಲ ಗೂಡುಗಳಿಗೂ ಹಂಚುತ್ತಿತ್ತು. ಈ ಕೊಟ್ಟಿಗೆಯ ನೆಲಕ್ಕೂ ಗೋಡೆಗೆ ಮೂರಡಿಯವರೆಗೂ ಸಿಮೆಂಟು ಗಾರೆ ಮಾಡಿಸಿದ್ದೇವೆ. ನಮ್ಮಲ್ಲಿ ಎಲ್ಲವನ್ನೂ ಮುರಕಲ್ಲಿನಿಂದ ಕಟ್ಟುವ ರೂಢಿ, ಆದರೆ ಮುರಕಲ್ಲಿನ ತೂತುಗಳಲ್ಲಿ ಹೊಕ್ಕ ಕೊಳೆಯನ್ನು ತೊಳೆದು ತೆಗೆಯಲಾಗದು, ನಾಯಿಮರಿಗಳಿಗೆ ಮಾರಕವಾದ ಕರುಳಿನ ರೋಗ ತರುವ ಪಾರ್ವೋ ವೈರಸ್ ಅಂಥಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮರಿ ಊಟ ಬಿಟ್ಟು, ವಾಂತಿ ಮಾಡಿ, ರಕ್ತಮಿಶ್ರಿತ ಭೇದಿ ಶುರುವಾದರೆ ಮೊದಲು ಸಂಶಯಪಡಬೇಕಾದದ್ದು ಈ ರೋಗವನ್ನೇ. ಫಿನಾಯಿಲಿಗೆ ಇದು ಜಗ್ಗುವುದಿಲ್ಲ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ, ನೆಲವನ್ನು ಮೊದಲು ಸಾಬೂನಿನಿಂದ ಚೆನ್ನಾಗಿ ಉಜ್ಜಿ ತೊಳೆದ ಮೇಲೆ ಸುರಿದು, ಹತ್ತು ನಿಮಿಷ ಹಸಿಯಾಗಿಯೇ ಬಿಡಬೇಕು. ಮಲ ಮೂತ್ರ ಇದ್ದ ನೆಲಕ್ಕೆ ನೇರವಾಗಿ ಸುರಿದರೆ ಬ್ಲೀಚಿನ ಶಕ್ತಿಯೆಲ್ಲ ಆ ಕೊಳೆಯಲ್ಲೇ ತೀರಿಹೋಗುತ್ತದೆ. ಕೊಟ್ಟಿಗೆಯ ಚಪ್ಪಲಿ, ಹಿಡಿಸೂಡಿ, ಬಾಲ್ದಿ ಮೂರೂ ಅಲ್ಲಿಯವೇ, ಮತ್ತು ಆ ದಿನ ಕೊಟ್ಟಿಗೆ ತೊಳೆಯುವವರು ಹಟ್ಟಿಯ ಕೆಲಸವನ್ನೆಲ್ಲ ಮುಗಿಸಿ ಕೊನೆಗೆ ಅಲ್ಲಿಗೆ ಹೋಗಬೇಕು.

ಆಹಾರದ ವಿಷಯದಲ್ಲಿ ದಾನಿಗಳೊಂದಿಗೆ ನಮಗೆ ಆಗಾಗ ಸಣ್ಣ ಜಗಳವಾಗುತ್ತದೆ. ಮದುವೆ, ಪೂಜೆ ಮುಗಿದ ಮೇಲೆ ಉಳಿದ ಪಾಯಸ, ನೀರುಳ್ಳಿ ಹಾಕಿದ ಹುಳಿ, ಹೋಳಿಗೆಗಳನ್ನು ಪ್ರೀತಿಯಿಂದ ತಂದುಕೊಡುವವರಿಗೆ ಬೇಡವೆನ್ನುವುದು ಕಷ್ಟ, ಆದರೂ ಬೇಡವೆನ್ನುತ್ತೇವೆ. ನೀರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ, ಬೆಲ್ಲ ಮತ್ತು ಎಣ್ಣೆಯಿಂದ ಭೇದಿಯಾಗುತ್ತದೆ, ಭೇದಿಯಾದರೆ ಪಾರ್ವೋವೋ ಪಾಯಸವೋ ಎಂದು ತಿಳಿಯದೆ ಒದ್ದಾಡಬೇಕು. ಬರೀ ಅನ್ನ ಉಳಿದಿದ್ದರೆ ಸಂತೋಷದಿಂದ ತೆಗೆದುಕೊಳ್ಳುತ್ತೇವೆ. ಕುಚ್ಚಲಕ್ಕಿಯ ನುಚ್ಚು ಬೇಯಿಸಿ, ಕುಂಬಳೆಯ ಕಡೆಯಿಂದ ಬರುವ ಅಗ್ಗದ ಬೂತಾಯಿ ಮೀನನ್ನು ಮುಳ್ಳು ಮೆತ್ತಗಾಗುವವರೆಗೆ ಕುಕ್ಕರಿನಲ್ಲಿ ಬೇಯಿಸಿ ಬೆರೆಸುವುದು ನಮ್ಮ ಕ್ರಮ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ 52 ದಿನ ಟ್ರಾಲಿಂಗ್ ನಿಷೇಧವಿರುವಾಗ ಮೀನಿನ ಬೆಲೆ ಏರುತ್ತದೆ, ಆಗ ಮೊಟ್ಟೆಗೆ ಬದಲಾಯಿಸುತ್ತೇವೆ. ಕೆಲಸಕ್ಕೆ ಜನ ಕಡಿಮೆಯಾಗುವ ತಿಂಗಳಲ್ಲಿಯೇ ಮೀನೂ ಕಡಿಮೆಯಾಗುವುದರಿಂದ, ಮೊಟ್ಟೆಯ ಹಣವನ್ನು ಎಪ್ರಿಲಿನೊಳಗೆ ತೆಗೆದಿಡುವುದು ರೂಢಿಯಾಗಿದೆ.

ಹಿಂಸೆಯ ಪ್ರಕರಣಗಳಲ್ಲಿ ನಮ್ಮ ಅಭಿಪ್ರಾಯ ಕೆಲವರಿಗೆ ಹಿಡಿಸದಿರಬಹುದು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನಿನಲ್ಲಿ ಮೊದಲ ತಪ್ಪಿಗೆ ಹತ್ತರಿಂದ ಐವತ್ತು ರೂಪಾಯಿ ದಂಡವಿದೆ, ಆ ಮೊತ್ತಕ್ಕೆ ಇಂದು ಯಾರೂ ಅಂಜುವುದಿಲ್ಲ. ಪ್ರಾಣಿಯನ್ನು ಕೊಂದರೆ, ವಿಷವಿಟ್ಟರೆ, ಅಂಗಹೀನ ಮಾಡಿದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನಿನಡಿ ಐದು ವರ್ಷದವರೆಗೆ ಸೆರೆಯಾಗಬಹುದು. ಅಂಥ ಸಂದರ್ಭದಲ್ಲಿ ಚಿಕಿತ್ಸೆಗೆ ಮೊದಲೇ ಗಾಯದ ಫೋಟೋ ತೆಗೆದು, ವೈದ್ಯರ ಪ್ರಮಾಣಪತ್ರ ಪಡೆದು, ಕನ್ನಡ ಮಲಯಾಳ ಎರಡರಲ್ಲೂ ದೂರು ಬರೆದುಕೊಡುತ್ತೇವೆ. ಸರಪಳಿಯಲ್ಲಿಟ್ಟು ಅಲಕ್ಷ್ಯ ಮಾಡಿದವರ ಮನೆಗೆ ಮಾತ್ರ ಹಿರಿಯ ಮಾಷ್ಟ್ರೊಬ್ಬರನ್ನು ಕಳುಹಿಸುತ್ತೇವೆ. ಅವರು ಜಗಲಿಯಲ್ಲಿ ಕೂತು ಚಹಾ ಕುಡಿದು, ನಾಯಿಯನ್ನು ಬಿಟ್ಟುಕೊಡುವುದಾಗಿ ಒಂದು ಚೀಟಿಗೆ ಸಹಿ ಹಾಕಿಸಿಕೊಂಡು ಬರುತ್ತಾರೆ. ಠಾಣೆಗೆ ಹೋಗಿದ್ದರೆ ಆ ನಾಯಿ ಇನ್ನೊಂದು ಮಳೆಗಾಲವನ್ನೂ ಸರಪಳಿಯಲ್ಲಿಯೇ ಕಳೆಯುತ್ತಿತ್ತು.

ರೇಬಿಸ್ ಮುಂಜಾಗ್ರತಾ ಚುಚ್ಚುಮದ್ದಿನ ಮೂರೂ ಡೋಸು ಮುಗಿಯದೆ ಯಾರೂ ನಾಯಿಯನ್ನು ಮುಟ್ಟುವಂತಿಲ್ಲ. ಕಚ್ಚಿಸಿಕೊಂಡರೆ 15 ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚುಚ್ಚುಮದ್ದು ಮೊದಲೇ ಆಗಿದ್ದರೂ ಮತ್ತೆ ಬೇಕು. ಮಳೆಗಾಲದಲ್ಲಿ, ಕೊಳಕು ನೀರಿನಿಂದ ಗಾಯದ ಮೂಲಕ ತಗಲುವ ಇಲಿಜ್ವರದ ಭಯವಿರುವುದರಿಂದ ಕಾಲಿನಲ್ಲಿ ಗಾಯವಿದ್ದವರನ್ನು ತೊಳೆಯುವ ಕೆಲಸಕ್ಕೆ ಹಾಕುವುದಿಲ್ಲ.

ಒಳಗೆ ಬಂದಷ್ಟೇ ಹೊರಗೂ ಹೋಗದಿದ್ದರೆ ಹದಿನೆಂಟು ಹದಿನೆಂಟಾಗಿ ಉಳಿಯದು. ಬೀದಿನಾಯಿಯ ವಿಷಯದಲ್ಲಿ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಂತಾನಹರಣ ಮತ್ತು ರೇಬಿಸ್ ಲಸಿಕೆಯ ನಂತರ ಹಿಡಿದ ಜಾಗಕ್ಕೇ ಬಿಡಬೇಕೆನ್ನುತ್ತವೆ. ಮನೆಗೆ ಕೊಡಬಹುದಾದ ನಾಯಿಗಳಿಗೆ ತೋಟದ ಮನೆಗಳಲ್ಲಿ ಬೇಡಿಕೆಯಿದೆ, ಏಕೆಂದರೆ ಮಂಗ, ಹಂದಿಗಳನ್ನು ಅಟ್ಟಲು ಎಲ್ಲರಿಗೂ ನಾಯಿ ಬೇಕು. ಆದರೆ ಎಲ್ಲರೂ ಕೇಳುವುದು ಗಂಡುನಾಯಿಯನ್ನು. ಶಸ್ತ್ರಚಿಕಿತ್ಸೆಯಾದ ಹೆಣ್ಣುನಾಯಿ ಮರಿ ಹಾಕುವುದಿಲ್ಲ, ಊರು ಸುತ್ತುವುದಿಲ್ಲ, ಬೊಗಳುವುದರಲ್ಲಿ ಗಂಡಿಗೆ ಏನೂ ಕಡಿಮೆಯಿಲ್ಲವೆಂದು ವಿವರಿಸಿ ಒಪ್ಪಿಸುವುದೇ ನಮ್ಮ ಅರ್ಧ ಕೆಲಸ. ಕೊಡುವ ಮೊದಲು ಮಳೆ ಬಂದಾಗ ನಾಯಿ ಎಲ್ಲಿ ಮಲಗುತ್ತದೆ ಎಂಬುದನ್ನು ನೋಡಿಬರುತ್ತೇವೆ. ತೋರಿಸಲು ಜಾಗವಿಲ್ಲದವರಿಗೆ ಕೊಡುವುದಿಲ್ಲ.

ಜಾಗ ತುಂಬಿದ್ದಾಗಲೂ ಫೋನು ನಿಲ್ಲುವುದಿಲ್ಲ. "ಅಕ್ಕ, ನಮ್ಮ ಗೇಟಿನ ಹತ್ತಿರ ಮೂರು ಮರಿ ಬಿಟ್ಟುಹೋಗಿದ್ದಾರೆ, ಬಂದು ಕೊಂಡುಹೋಗಿ" ಎನ್ನುವವರಿಗೆ ಇಲ್ಲವೆಂದು ಹೇಳಿ ಫೋನು ಇಡುವುದಿಲ್ಲ. ಮರಿಗಳು ಅವರ ಸೌದೆ ಕೊಟ್ಟಿಗೆಯಲ್ಲಿಯೇ ಇರಲಿ, ಹುಳದ ಮದ್ದು, ಲಸಿಕೆ, ಮುಂದಿನ ಶಸ್ತ್ರಚಿಕಿತ್ಸೆಯ ಖರ್ಚು ನಮ್ಮದು, ಮನೆ ಹುಡುಕಿಕೊಡುವ ಹೊಣೆಯೂ ನಮ್ಮದು ಎನ್ನುತ್ತೇವೆ. ಆರು ವಾರದೊಳಗಿನ ಮರಿಗಳಾದರೆ ಇದು ನಮ್ಮ ಆಶ್ರಯಕ್ಕಿಂತ ಒಳ್ಳೆಯ ವ್ಯವಸ್ಥೆ, ಲಸಿಕೆಯಾಗದ ಮರಿಯನ್ನು ಹಲವು ನಾಯಿಗಳಿರುವ ಕಡೆಗೆ ತರುವಷ್ಟು ಅಪಾಯ ಬೇರೊಂದಿಲ್ಲ. ಹೀಗೆ ಒಪ್ಪಿದ ಮನೆಗಳ ಪಟ್ಟಿಯೊಂದನ್ನು ಹಟ್ಟಿಯ ಬಾಗಿಲಲ್ಲಿ ಅಂಟಿಸಿದ್ದೇವೆ. ಅವುಗಳಲ್ಲಿ ಹಲವು ಮನೆಯವರು ಮೂರರಲ್ಲಿ ಒಂದನ್ನು ತಾವೇ ಇಟ್ಟುಕೊಂಡು, ಉಳಿದೆರಡನ್ನು ನೆಂಟರ ಮನೆಗೆ ದಾಟಿಸಿ, ಲಸಿಕೆಯ ಚೀಟಿ ಕೇಳಲು ಮಾತ್ರ ನಮಗೆ ಮತ್ತೆ ಫೋನು ಮಾಡಿದ್ದಾರೆ.