ಹೊಸ ನೋಡ್ ಸೇರಿದರೂ ಕ್ವೋರಮ್ ಕ್ಯೂ ನಿಂತಿದ್ದು ಯಾಕೆ?

ಮೆಸೇಜ್‌ಗಳನ್ನು ಕ್ಯೂನಲ್ಲಿಟ್ಟು ತಲುಪಿಸುವ ನಮ್ಮ ರ‍್ಯಾಬಿಟ್‌ಎಂಕ್ಯೂ ಕ್ಲಸ್ಟರ್‌ನಲ್ಲಿ 3 ನೋಡ್ (ಸರ್ವರ್). ಒಂದರ ಡಿಸ್ಕ್ ಹೋಯಿತು, ಬದಲಿಗೆ ಹೊಸದೊಂದು ಸೇರಿತು, ಎಲ್ಲ ಸರಿಯಾಗಿದೆ ಅಂತಲೇ ಕಾಣುತ್ತಿತ್ತು. ಆಮೇಲೆ ಅಪ್‌ಗ್ರೇಡ್‌ಗೆಂದು ಹಳೆಯ ಎರಡರಲ್ಲಿ ಒಂದನ್ನು ನಿಲ್ಲಿಸಿದ ಕೂಡಲೇ ಕ್ವೋರಮ್ ಕ್ಯೂಗಳೆಲ್ಲ (ಹಲವು ನೋಡ್‌ಗಳಲ್ಲಿ ಪ್ರತಿ ಇಟ್ಟು, ಅವುಗಳಲ್ಲಿ ಬಹುಮತ ಇದ್ದರೆ ಮಾತ್ರ ಓಡುವ ಕ್ಯೂಗಳು) ನಿಂತವು. ಪಬ್ಲಿಷರ್‌ಗೆ ಮೆಸೇಜ್ ತಲುಪಿತೆಂಬ ಕನ್ಫರ್ಮ್ ಇಲ್ಲ, ಕನ್ಸ್ಯೂಮರ್‌ಗೆ ಮೆಸೇಜ್ ಇಲ್ಲ. ಎರಡು ನೋಡ್ ಓಡುತ್ತಿವೆ, ಬಹುಮತ ಇದೆ ಅಲ್ವಾ?

ಇರಲಿಲ್ಲ. ಕ್ಲಸ್ಟರ್‌ನ ಸದಸ್ಯರು ಬೇರೆ, ಕ್ಯೂನ ಸದಸ್ಯರು ಬೇರೆ. ಪ್ರತಿ ಕ್ವೋರಮ್ ಕ್ಯೂಗೂ ತನ್ನದೇ ರಾಫ್ಟ್ (ಬಹುಮತದಿಂದ ಒಪ್ಪಂದಕ್ಕೆ ಬರುವ ವಿಧಾನ) ಗುಂಪು ಇರುತ್ತದೆ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಹೊಸ ನೋಡ್ ತಾನಾಗಿ ಅದಕ್ಕೆ ಸೇರುವುದಿಲ್ಲ, ಸತ್ತ ನೋಡ್ ಇನ್ನೂ ಪಟ್ಟಿಯಲ್ಲೇ ಇತ್ತು. ಅಂದರೆ 3ರಲ್ಲಿ 1 ಮಾತ್ರ ಜೀವಂತ, ಬೇಕಿದ್ದದ್ದು 2.

ಬಹುಮತ ಇಲ್ಲದೆ ಸದಸ್ಯರ ಪಟ್ಟಿಯನ್ನೂ ಬದಲಾಯಿಸಲು ಆಗುವುದಿಲ್ಲ, ಹಾಗಾಗಿ ಅಪ್‌ಗ್ರೇಡ್‌ಗೆ ನಿಲ್ಲಿಸಿದ್ದ ನೋಡನ್ನೇ ಮೊದಲು ಮತ್ತೆ ಶುರು ಮಾಡಿದೆವು. ಲೀಡರ್ ಆಯ್ಕೆಯಾಯಿತು, ಕ್ಯೂ ಎದ್ದವು. ನಂತರ ‘ಗ್ರೋ’ ಕಮಾಂಡ್‌ನಿಂದ ಹೊಸ ನೋಡ್‌ಗೆ ರೆಪ್ಲಿಕಾ (ಕ್ಯೂನ ಪ್ರತಿ) ಸೇರಿಸಿ, ‘ಶ್ರಿಂಕ್’ನಿಂದ ಸತ್ತದ್ದನ್ನು ತೆಗೆದೆವು. ‘ಕ್ವೋರಮ್ ಸ್ಟೇಟಸ್’ ನೋಡಿದಾಗ ಮೂರೂ ಸರಿಯಾಗಿದ್ದವು.

ಈಗ ಯಾವ ನೋಡ್ ನಿಲ್ಲಿಸುವ ಮುಂಚೆಯೂ ‘ಚೆಕ್ ಇಫ್ ನೋಡ್ ಈಸ್ ಕ್ವೋರಮ್ ಕ್ರಿಟಿಕಲ್’ ಓಡಿಸುತ್ತೇವೆ. ಆ ನೋಡ್ ಹೋದರೆ ಬಹುಮತ ತಪ್ಪುವ ಕ್ಯೂ ಒಂದಿದ್ದರೂ ಅದು ಎರರ್ ಕೊಡುತ್ತದೆ, ಆಗ ಅಪ್‌ಗ್ರೇಡ್ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲುತ್ತದೆ.