ಹಿಂದಿಕ್ಕುವವನ ಹೊಣೆ ಎಲ್ಲಿಯವರೆಗೆ?

ಒಂಬತ್ತು ಮೀಟರ್ ಉದ್ದದ ಎಂಜಿನ್ ದೋಣಿಯನ್ನು ನಡೆಸತೊಡಗಿದ ಹೊಸದರಲ್ಲಿ, ಮುಂದಿರುವ ಹಡಗನ್ನು ಹಿಂದಿಕ್ಕುವುದೆಂದರೆ ವೇಗ ಹೆಚ್ಚಿಸಿ ಪಕ್ಕದಿಂದ ಸಾಗಿಬಿಡುವುದಷ್ಟೇ ಎಂದು ತಿಳಿದಿದ್ದೆ. ಕಿರಿದಾದ, ಆಳವಿಲ್ಲದ ಜಲಮಾರ್ಗವೊಂದರಲ್ಲಿ ಸರಕು ತುಂಬಿದ ಬಾರ್ಜ್ ಒಂದನ್ನು ಹಿಂದಿಕ್ಕಲು ಹೋದ ದಿನ ಆ ತಿಳಿವಳಿಕೆ ಕರಗಿತು.

ನನ್ನ ವೇಗ ಬಾರ್ಜ್‌ಗಿಂತ ಒಂದು ನಾಟ್‌ನಷ್ಟೇ (ಗಂಟೆಗೆ ಸುಮಾರು 1.85 ಕಿ.ಮೀ.) ಹೆಚ್ಚಿದ್ದುದರಿಂದ ಬಹಳ ಹೊತ್ತು ಅದರ ಮಗ್ಗುಲಲ್ಲೇ ಉಳಿಯಬೇಕಾಯಿತು. ಅದರ ನಡುಭಾಗಕ್ಕೆ ಬಂದಾಗ, ಚುಕ್ಕಾಣಿ ನೇರವಾಗಿದ್ದರೂ ದೋಣಿ ಅದರತ್ತ ಸರಿಯತೊಡಗಿತು. ಎರಡು ಒಡಲುಗಳ ನಡುವಿನ ಇಕ್ಕಟ್ಟಿನಲ್ಲಿ ನೀರು ವೇಗವಾಗಿ ಹರಿದು ಒತ್ತಡ ಕುಸಿಯುವುದೇ ಈ ಸೆಳೆತಕ್ಕೆ ಕಾರಣ. ಮುಂದಕ್ಕೆ ಹೋದಂತೆ ಅದು ತಿರುಗುಮುರುಗಾಯಿತು. ಬಾರ್ಜ್‌ನ ಮೂತಿಯ ಬಳಿ ಒತ್ತಿಕೊಂಡಿದ್ದ ನೀರು ನನ್ನ ದೋಣಿಯ ಹಿಂಭಾಗವನ್ನು ಆಚೆಗೆ ತಳ್ಳಿದ್ದರಿಂದ, ದೋಣಿಯ ಮುಂಭಾಗ ನೇರವಾಗಿ ಅದರ ದಾರಿಗೇ ತಿರುಗಿತು. ಬಾರ್ಜ್ ನಡೆಸುತ್ತಿದ್ದವರು ಎಂಜಿನ್ ತಗ್ಗಿಸಿದ್ದರಿಂದ ನಾನು ಉಳಿದೆ.

1972ರ ಅಂತರರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳು ಜಾರಿಗೆ ಬಂದದ್ದು 1977ರಲ್ಲಿ. ಅವುಗಳಲ್ಲಿ 13ನೆಯದನ್ನು ನಾನು ಮನಸ್ಸಿಟ್ಟು ಓದಿದ್ದು ಈ ಘಟನೆಯ ನಂತರವೇ. ಇನ್ನೊಂದು ಹಡಗಿನ ಅಡ್ಡಗೆರೆಯಿಂದ, ಅಂದರೆ ಅದರ ಉದ್ದಕ್ಕೆ ಲಂಬವಾಗಿ ಪಕ್ಕಕ್ಕೆ ಎಳೆದ ಗೆರೆಯಿಂದ, 22.5 ಡಿಗ್ರಿಗಿಂತ ಹೆಚ್ಚು ಹಿಂದಿನಿಂದ ಸಮೀಪಿಸುವವನು ಹಿಂದಿಕ್ಕುವವನು. ಅವನೇ ದಾರಿ ಬಿಡಬೇಕು, ಅದೂ ಪೂರ್ತಿ ದಾಟಿ ನಿರಪಾಯವಾಗಿ ದೂರ ಸರಿಯುವವರೆಗೆ. ಪಕ್ಕಕ್ಕೆ ಬಂದ ಮೇಲೆ ಕೋನ ಬದಲಾಯಿತೆಂದು ಈ ಹೊಣೆ ಕಳಚುವುದಿಲ್ಲ. ಹಾಯಿ ಬಿಚ್ಚಿ ಸಾಗುವವರಿಗೂ ಇಲ್ಲಿ ವಿನಾಯಿತಿಯಿಲ್ಲವೆಂದರೆ ನನ್ನ ಹಾಯಿದೋಣಿಯ ಗೆಳೆಯರು ಇಂದಿಗೂ ವಾದಕ್ಕಿಳಿಯುತ್ತಾರೆ.

ರಾತ್ರಿಯಲ್ಲಿ ಹಿಂದಿನ ಬಿಳಿ ದೀಪ ಮಾತ್ರ ಕಂಡು, ಪಕ್ಕಗಳ ಕೆಂಪು ದೀಪವಾಗಲಿ ಹಸಿರು ದೀಪವಾಗಲಿ ಕಾಣದಿದ್ದರೆ ನಾನು ಹಿಂದಿಕ್ಕುವ ಸ್ಥಾನದಲ್ಲಿದ್ದೇನೆ ಎಂದರ್ಥ. ಅಲೆಯ ಓಲಾಟಕ್ಕೆ ಬಣ್ಣದ ದೀಪ ಮಿನುಗಿ ಮರೆಯಾಗುವ ಗಡಿಯಲ್ಲಿ ಅನುಮಾನ ಹುಟ್ಟುವುದುಂಟು. ಆಗಲೂ ಹಿಂದಿಕ್ಕುತ್ತಿದ್ದೇನೆಂದೇ ಭಾವಿಸಬೇಕೆಂಬುದು ನಿಯಮ.

ಮುಂದಿನವರು ಸರಿದು ಜಾಗ ಕೊಡದೆ ದಾಟಲಾಗದ ಕಿರಿದಾದ ದಾರಿಯಲ್ಲಿ ಮೊದಲು ಹಾರ್ನ್ ಮೂಲಕ ಕೇಳುತ್ತೇನೆ: ಅವರ ಬಲಬದಿಯಿಂದಾದರೆ ಎರಡು ದೀರ್ಘ ಮತ್ತು ಒಂದು ಹ್ರಸ್ವ ಸದ್ದು, ಎಡಬದಿಯಿಂದಾದರೆ ಎರಡು ದೀರ್ಘ ಮತ್ತು ಎರಡು ಹ್ರಸ್ವ. ದೀರ್ಘವೆಂದರೆ ನಾಲ್ಕರಿಂದ ಆರು ಸೆಕೆಂಡು, ಹ್ರಸ್ವವೆಂದರೆ ಸುಮಾರು ಒಂದು ಸೆಕೆಂಡು. ದೀರ್ಘ, ಹ್ರಸ್ವ, ದೀರ್ಘ, ಹ್ರಸ್ವ ಎಂಬ ಒಪ್ಪಿಗೆ ಬರುವವರೆಗೆ ಹಿಂದೆಯೇ ಉಳಿಯುತ್ತೇನೆ. ಒಮ್ಮೆ ಮರುತ್ತರವಾಗಿ ಐದು ಹ್ರಸ್ವ ಸದ್ದುಗಳು, ಅಂದರೆ ಸಂದೇಹದ ಸೂಚನೆ, ಕೇಳಿಬಂದವು. ನನಗೆ ಕಾಣದ ತಿರುವಿನಾಚೆಯಿಂದ ಇನ್ನೊಂದು ಹಡಗು ಬರುತ್ತಿತ್ತು.

ಸಾಧ್ಯವಾದರೆ ರೇಡಿಯೊದಲ್ಲಿ ಮಾತಾಡಿ ಮುಂದಿನವರು ವೇಗ ತಗ್ಗಿಸುವಂತೆ ಕೋರುತ್ತೇನೆ. ಇದರಿಂದ ಸೆಳೆತವೂ ಇಳಿಯುತ್ತದೆ, ಮಗ್ಗುಲಲ್ಲಿ ಉಳಿಯುವ ಹೊತ್ತೂ ಕಡಿಮೆಯಾಗುತ್ತದೆ. ದಾಟಿದ ಮೇಲೆ ಅವರ ಚುಕ್ಕಾಣಿ ಕೋಣೆಯ ಕಿಟಕಿಗಳು ನನಗೆ ಪೂರ್ತಿಯಾಗಿ ಕಾಣುವಷ್ಟು ದೂರ ಹೋಗುವವರೆಗೆ ಅವರ ಮುಂದಿನ ದಾರಿಗೆ ಬರುವುದಿಲ್ಲ. ಅಂದು ಸಂಜೆ ದಡದಲ್ಲಿ ಕ್ಷಮೆ ಕೇಳಲು ಹೋದಾಗ ಬಾರ್ಜ್‌ನವರು, "ಕಡೆಯ ಅರ್ಧ ನಿಮಿಷ ನಿಮ್ಮ ದೋಣಿ ನಮಗೆ ಕಾಣುತ್ತಲೇ ಇರಲಿಲ್ಲ," ಎಂದಿದ್ದರು.