ಸಂದಿನಲ್ಲಿ ಹಿಡಿಯುವ ಗಾರೆ

ಮಸಾಚುಸೆಟ್ಸ್‌ನ ವೂಸ್ಟರ್‌ನಲ್ಲಿ ನಾವು ಕೊಂಡ ಮನೆ 1895ರದ್ದು. ಅದರ ಮಲಗುವ ಕೋಣೆಯ ಗೋಡೆಯನ್ನು ಅಂಗೈಯಿಂದ ಒತ್ತಿದರೆ ಗಿಲಾವು ಒಳಸರಿದು ಮತ್ತೆ ಹೊರಬರುತ್ತಿತ್ತು. ಬಂದು ನೋಡಿದ ಗುತ್ತಿಗೆದಾರರೊಬ್ಬರು ಪೂರ್ತಿ ಕಿತ್ತು ಜಿಪ್ಸಮ್ ಹಲಗೆ ಹೊಡೆಯೋಣ ಎಂದರು. ಆದರೆ ಬಾಗಿಲ ಚೌಕಟ್ಟುಗಳೆಲ್ಲ ಹಳೆಯ ಗಿಲಾವಿನ ದಪ್ಪಕ್ಕೆ ಹೊಂದುವಂತೆ ಕೂತಿದ್ದವು. ಅರ್ಧ ಇಂಚಿನ ಹಲಗೆ ಹಾಕಿದರೆ ಅವು ಗೋಡೆಯಿಂದ ಮುಂದೆ ಚಾಚಿ ನಿಲ್ಲುತ್ತಿದ್ದವು. ಆದ್ದರಿಂದ ನಾನೇ ಕೈಹಾಕಿದೆ.

ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾದ 1978ಕ್ಕಿಂತ ಹಿಂದಿನ ಮನೆಯಾದ್ದರಿಂದ ಬಣ್ಣದಲ್ಲಿ ಸೀಸ ಇರಬಹುದೆಂದು ಮುಖಗವಸು ಧರಿಸಿ, ಗೋಡೆಗೆ ನೀರು ಚಿಮುಕಿಸುತ್ತ, ಮೂರಡಿ ಅಗಲ, ನಾಲ್ಕಡಿ ಎತ್ತರದ ಭಾಗವನ್ನು ಕಿತ್ತೆ. ಹಿಂದೆ ಅಡ್ಡಡ್ಡಲಾಗಿ ಹೊಡೆದ ತೆಳು ಮರದ ಪಟ್ಟಿಗಳು ಕಂಡವು. ಇಲ್ಲಿ ಲ್ಯಾತ್ ಎನ್ನುವ ಅವನ್ನು ನೋಡಿದಾಗ ಶಿರಸಿ ಕಡೆಯವನಾದ ನನಗೆ ಅಡಿಕೆ ದಬ್ಬೆಯೇ, ಅಂದರೆ ಅಡಿಕೆ ಮರ ಸೀಳಿ ಮಾಡಿದ ಪಟ್ಟಿಯೇ, ನೆನಪಾಯಿತು. ಪಟ್ಟಿ ನಾಲ್ಕಡಿ ಉದ್ದ, ಸುಮಾರು ಒಂದೂವರೆ ಇಂಚು ಅಗಲ, ಕಾಲು ಇಂಚು ದಪ್ಪ. ಒಳಗಿನ ಕಂಬಗಳು 16 ಇಂಚಿಗೊಂದರಂತೆ ನಿಂತಿದ್ದರಿಂದ ಒಂದು ಪಟ್ಟಿ ಸರಿಯಾಗಿ ಮೂರು ಅಂಕಣಗಳನ್ನು ದಾಟುತ್ತಿತ್ತು. ಪಟ್ಟಿಗಳ ತುದಿಗಳೆಲ್ಲ ಒಂದೇ ಕಂಬದ ಮೇಲೆ ಕೂಡಿದರೆ ಅದೇ ಗೆರೆಯಲ್ಲಿ ಬಿರುಕು ಓಡುತ್ತದೆಂದು, ಹಳಬರು ಕೆಲವು ಸಾಲುಗಳಿಗೊಮ್ಮೆ ಸೇರುವ ಜಾಗವನ್ನು ಬೇರೆ ಕಂಬಕ್ಕೆ ಸರಿಸಿದ್ದರು.

ಮುಖ್ಯ ಕೆಲಸ ಮಾಡುವುದು ಪಟ್ಟಿಯಲ್ಲ, ಎರಡು ಪಟ್ಟಿಗಳ ನಡುವಿನ ಕಾಲು ಇಂಚಿನ ಸಂದು. ಹಸಿ ಗಾರೆ ಸಂದಿನಲ್ಲಿ ತೂರಿ, ಹಿಂಬದಿಯಲ್ಲಿ ಜೋತುಬಿದ್ದು, ಗಟ್ಟಿಯಾಗಿ ಕೊಕ್ಕೆಯಂತೆ ಹಿಡಿದುಕೊಳ್ಳುತ್ತದೆ. ನಮ್ಮ ಗೋಡೆಯಲ್ಲಿ ಮುರಿದದ್ದು ಈ ಕೊಕ್ಕೆಗಳೇ. ಗೋಡೆಯ ಟೊಳ್ಳಿನ ಬುಡದಲ್ಲಿ, ಗಾರೆಗೆ ಕಲಸಿದ್ದ ಪ್ರಾಣಿಗಳ ಕೂದಲು ಅಂಟಿದ ಅವುಗಳ ಚೂರುಗಳು ಒಂದು ಬೊಗಸೆಯಷ್ಟು ಸಿಕ್ಕವು. ಒಡೆದ ಮೂರು ಪಟ್ಟಿಗಳನ್ನು ಬದಲಿಸಿದೆ, ಉಳಿದವನ್ನು ಮುಟ್ಟಲಿಲ್ಲ.

ಮೊದಲ ಯತ್ನ ಕೆಟ್ಟಿತು. ಒಂದು ಪಾಲು ಸುಣ್ಣದ ಮುದ್ದೆಗೆ ಮೂರು ಪಾಲು ಮರಳು ಮತ್ತು ಆಡಿನ ಕೂದಲು ಕಲಸಿ, ಒಣ ಪಟ್ಟಿಗಳ ಮೇಲೆಯೇ ಬಳಿದುಬಿಟ್ಟೆ. ಮರ ನೀರನ್ನೆಲ್ಲ ಹೀರಿತು. ಎರಡನೆಯ ದಿನಕ್ಕೆ ಗಾರೆ ಬಿರಿದು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬಂತು. ಎಲ್ಲವನ್ನೂ ಕೆರೆದು, ಹಿಂದಿನ ರಾತ್ರಿಯೊಮ್ಮೆ, ಬಳಿಯುವುದಕ್ಕೆ ಒಂದು ಗಂಟೆ ಮೊದಲು ಇನ್ನೊಮ್ಮೆ ಪಟ್ಟಿಗಳನ್ನೂ ಹಳೆಯ ಗಿಲಾವಿನ ಅಂಚನ್ನೂ ತೋಯಿಸಿದೆ. ಈ ಸಲ ಕರಣೆಯನ್ನು ಪಟ್ಟಿಗಳಿಗೆ ಅಡ್ಡಲಾಗಿ ಎಳೆದು, ತೋಳಿನ ಬಲವನ್ನೆಲ್ಲ ಹಾಕಿ ಒತ್ತಿದೆ. ಮೆಲ್ಲಗೆ ಸವರಿದರೆ ಗಾರೆ ಸಂದಿನ ಬಾಯಲ್ಲೇ ನಿಂತುಬಿಡುತ್ತದೆ. ಮುಂದಿನ ಪದರ ಹಿಡಿದುಕೊಳ್ಳಲೆಂದು, ಇನ್ನೂ ಹಸಿಯಿರುವಾಗಲೇ ಮೇಲ್ಮೈಯಲ್ಲಿ ಓರೆಗೆರೆಗಳನ್ನು ಗೀಚಿದೆ. ಎರಡನೆಯ ಪದರಕ್ಕೆ ಮುನ್ನ ಎರಡು ವಾರ ಕಾದೆ, ಏಕೆಂದರೆ ಸುಣ್ಣ ಬರೀ ಒಣಗಿದರೆ ಸಾಲದು, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗಬೇಕು. ಕೊನೆಯ ನಯ ಪದರದ ದಪ್ಪ ಇಂಚಿನ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ. ಅದು ಅರ್ಧ ದಿನದಲ್ಲಿ ಮುಗಿಯಿತು.

ಚಳಿಗಾಲದಲ್ಲಿ ಹೀಟರ್ ಹಚ್ಚಿದ ಮೇಲೆ ಹಳೆಯದೂ ಹೊಸದೂ ಕೂಡುವಲ್ಲಿ ಕೂದಲೆಳೆಯಂಥ ಬಿರುಕೊಂದು ಕಾಣಿಸಿತು. ತಟ್ಟಿ ನೋಡಿದೆ, ಸದ್ದು ಗಟ್ಟಿಯಾಗಿತ್ತು. ಬಣ್ಣ ಹೊಡೆಸಲಿಲ್ಲ, ಹಾಗೆಯೇ ಬಿಟ್ಟಿದ್ದೇನೆ.